ಕಥೆಯಕ್ಕ ಹತ್ತಿದ ಜೀಪು

ಕಾಫಿ ಕೊಯ್ಲು ಶುರುವಾಯಿತೆಂದರೆ ಕೊಟ್ಟಿಗೆಹಾರದವರಿಗೆ ನಗಲಿಕ್ಕೆ ಬೇರೆ ನಾಟಕ ಬೇಡ. ಬೆಳಿಗ್ಗೆ ಸರ್ಕಲ್ಲಿಗೆ ಬಂದು ನಿಂತರೆ ಸಾಕು, ಒಂದಲ್ಲ ಒಂದು ಆಗಿಯೇ ಆಗುತ್ತದೆ.

ನಾನು ಬಾಳೂರು ಕಡೆಯ ಒಂದು ಎಸ್ಟೇಟಿನ ಜೀಪ್ ಡ್ರೈವರ್. ಹಣ್ಣು ಕೊಯ್ಯುವ ಹೆಂಗಸರನ್ನು ಸರ್ಕಲ್ಲಿನಿಂದ ತುಂಬಿಕೊಂಡು ತೋಟಕ್ಕೆ ಮುಟ್ಟಿಸುವುದು ನನ್ನ ಕೆಲಸ. ಬೇರೆ ಎಸ್ಟೇಟಿನ ಜೀಪುಗಳೂ ಅಲ್ಲೇ ಸಾಲಾಗಿ ನಿಂತಿರುತ್ತವೆ. ಯಾವುದಕ್ಕೆ ಹತ್ತಬೇಕು ಅನ್ನುವುದು ಹೆಂಗಸರ ಖುಷಿ. ಹೋದ ಕೊಯ್ಲಿನಲ್ಲಿ ನಮ್ಮ ಸಾಹುಕಾರ್ರು ಮೊದಲೇ ಹೇಳಿಬಿಟ್ಟಿದ್ದರು: "ನೋಡು ಮಾರಾಯ, ಹಣ್ಣು ಗಿಡದಲ್ಲೇ ಒಣಗಿದ್ರೆ ನಾನು ಮುಳುಗಿದೆ. ಜೀಪು ಖಾಲಿ ಬಂತೋ, ಜೀಪನ್ನೂ ಮಾರ್ತೀನಿ, ನಿನ್ನನ್ನೂ ಮನೆಗೆ ಕಳಿಸ್ತೀನಿ."

ಸಾಹುಕಾರ್ರಿಗೆ ಇನ್ನೊಂದು ಜೀಪು ಸಿಗುತ್ತದೆ. ಈ ವಯಸ್ಸಿನಲ್ಲಿ ನನಗೆ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಹೆದರಿಕೆ ಆಗಿದ್ದು ನಿಜ.

ಮೆತ್ತನೆ ಸೀಟು

ಆ ವರ್ಷ ನಮ್ಮಲ್ಲಿಗೆ ಹೊಸ ಮ್ಯಾನೇಜರ್ ಬಂದಿದ್ದರು. ಮೈಸೂರಿನಲ್ಲಿ ಮ್ಯಾನೇಜ್‌ಮೆಂಟ್ ಓದಿದವರು, ಒಳ್ಳೆ ಮನುಷ್ಯ, ಆದರೆ ಸುಮ್ಮನೆ ಕೂರುವ ಜಾತಿಯಲ್ಲ. "ಕೆಲಸದವರಿಗೆ ಸುಖ ಕೊಟ್ರೆ ಬೇರೆ ಕಡೆ ಹೋಗಲ್ಲ" ಅಂತ ಜೀಪಿನ ಹಿಂದಿನ ಹಲಗೆಯ ಮೇಲೆ ದಪ್ಪನೆ ಫೋಮು ಹಾಕಿಸಿ, ಬದಿಗೆ ಹೂವಿನ ಪರದೆ ಕಟ್ಟಿಸಿದರು.

ಮರುದಿನ ಸರ್ಕಲ್ಲಿನಲ್ಲಿ ಹೆಂಗಸರು ಜೀಪಿನ ಸುತ್ತ ಒಂದು ಸುತ್ತು ಬಂದರು. "ಯಾರ ಮದುವೆ ಡ್ರೈವರಣ್ಣ?" ಅಂತ ಕೇಳಿಕೊಂಡೇ ಹತ್ತಿದರು.

ಸೀಟು ಎತ್ತರವಾಗಿತ್ತು. ನಮ್ಮ ರಸ್ತೆ ಹೇಗೂ ಗೊತ್ತಲ್ಲ. ಒಂದೊಂದು ಗುಂಡಿಗೂ ಎಲ್ಲರ ತಲೆಯೂ ಒಟ್ಟಿಗೆ ಮೇಲಿನ ಕಂಬಿಗೆ ಢಣ್ ಅನ್ನುತ್ತಿತ್ತು. ತೋಟ ಮುಟ್ಟುವಾಗ ಅರ್ಧ ಜನ ತಲೆ ಒತ್ತಿಕೊಳ್ಳುತ್ತಿದ್ದರು, ಉಳಿದವರು ನನ್ನನ್ನು ಬೈಯುತ್ತಿದ್ದರು. ಸಂಜೆಯೇ ಫೋಮು ಕಿತ್ತು ಮ್ಯಾನೇಜರ್ರ ಕುರ್ಚಿಗೆ ಹಾಕಿದೆವು. ಆಮೇಲೆ ಒಂದು ವಾರ ಅವರು ತೋಟದ ಕಡೆ ತಲೆ ಹಾಕಲಿಲ್ಲ.

ಆಸ್ತಿ ಪಾಲು

ಕುರ್ಚಿಯಲ್ಲಿ ಕೂತು ಯೋಚನೆ ಮಾಡಿದ್ದರ ಫಲ ಒಂದು ಮೀಟಿಂಗು. ಕಾಫಿ ಒಣಗಿಸುವ ಕಣದಲ್ಲಿ ಎಲ್ಲರನ್ನೂ ಕೂರಿಸಿ ಮ್ಯಾನೇಜರ್ ಹೇಳಿದರು: "ಎಸ್ಟೇಟಿಗೆ ಎರಡು ಥರದ ಆಸ್ತಿ. ಕಣ್ಣಿಗೆ ಕಾಣೋದು ಒಂದು, ಕಾಣದೇ ಇರೋದು ಇನ್ನೊಂದು."

ಮುಂದೆ ಕೂತಿದ್ದ ಅಜ್ಜಿ ಅಂದಳು, "ಕಾಣದ್ದು ಅಂದ್ರೆ ಭೂತವಾ ಸಾರ್? ಅದಕ್ಕೆ ವರ್ಷವರ್ಷ ಕೋಳಿ ಕೊಡ್ತೀವಲ್ಲ."

"ಅಲ್ಲ ಅಜ್ಜಿ. ನಿಮ್ಮ ಒಗ್ಗಟ್ಟು, ನಿಮ್ಮ ನಂಬಿಕೆ, ಅದು. ಮಾನವ ಸಂಪನ್ಮೂಲ ಅಂತಾರೆ. ನೀವೇ ಈ ಎಸ್ಟೇಟಿನ ದೊಡ್ಡ ಆಸ್ತಿ."

ಹೆಂಗಸರು ಮುಖಮುಖ ನೋಡಿಕೊಂಡರು. ಹಿಂದಿನಿಂದ ಒಬ್ಬಳು ಕೇಳಿದಳು, "ಹಾಗಾದ್ರೆ ಸಾಹುಕಾರ್ರು ನಮ್ಮನ್ನೂ ಮಕ್ಕಳಿಗೆ ಪಾಲು ಮಾಡ್ತಾರಾ ಸಾರ್?"

ಹಿಂದೆಯೇ ಅವಳ ಅರ್ಜಿಯೂ ಬಂತು. "ಮಾಡೋದಾದ್ರೆ ನನ್ನನ್ನ ಸಣ್ಣ ಮಗನ ಪಾಲಿಗೆ ಹಾಕಿ. ದೊಡ್ಡವರು ಭಾರೀ ಸಿಡುಕು."

ಕುಕ್ಕರ್

ಮುಂದಿನದು ಬಹುಮಾನ. ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಹಣ್ಣು ಕೊಯ್ದವರಿಗೆ ಒಂದು ಕುಕ್ಕರ್. ಪೈಪೋಟಿ ಬಂದರೆ ಕೆಲಸ ಓಡುತ್ತದೆ ಅಂತ ಅವರ ಲೆಕ್ಕ.

ವಾರದ ಕೊನೆಗೆ ತೂಕ ನೋಡಿ ಮ್ಯಾನೇಜರ್ ಬೆರಗಾದರು. ಕಡ್ಡಿಯಂಥ ಒಬ್ಬ ಹೆಂಗಸು ಗಂಡಾಳುಗಳೂ ಹೊರಲಾರದಷ್ಟು ಕೊಯ್ದಿದ್ದಳು. ಉಳಿದವರದ್ದು ಅಷ್ಟಕ್ಕಷ್ಟೆ. "ಏನಮ್ಮ ನಿನ್ನ ಗುಟ್ಟು? ಉಳಿದವರಿಗೂ ಸ್ವಲ್ಪ ಹೇಳಿಕೊಡು" ಅಂದರು.

ಅವಳು ನಾಚಿಕೊಂಡು, "ಎಂತ ಗುಟ್ಟು ಸಾರ್, ಮಗಳ ಮದುವೆ ಗೊತ್ತಾಗಿದೆ. ಎಲ್ಲರೂ ಒಂದೊಂದು ಬುಟ್ಟಿ ನನ್ನ ಚೀಲಕ್ಕೇ ಸುರಿದ್ರು" ಅಂದಳು.

ಪಕ್ಕದವಳು ಕೂಡಲೇ ಸೇರಿಸಿದಳು, "ಮುಂದಿನ ವಾರ ಮಿಕ್ಸಿ ಇಡಿ ಸಾರ್. ನಮ್ಮನೇದು ಸುಟ್ಟುಹೋಗಿದೆ."

ಕೋಣೆಯೊಳಗೆ ಸೊಸೆ

ಇಲ್ಲಿಯವರೆಗೆ ನಗು. ಇನ್ನು ನನ್ನ ಹೊಟ್ಟೆಗೆ ಕಲ್ಲು ಬಿದ್ದ ಸಂಗತಿ.

ನಮ್ಮ ಜೀಪಿನಲ್ಲಿ ಒಬ್ಬರು ಅಕ್ಕ ಬರುತ್ತಿದ್ದರು, ಎಲ್ಲರೂ ಕಥೆಯಕ್ಕ ಅಂತಲೇ ಕರೆಯುವುದು. ಕಾಫಿ ಸಾಲಿಗೆ ಇಳಿದರೆ ಟಿ.ವಿ. ಧಾರಾವಾಹಿಯ ಕಥೆ ಶುರು. ಆ ಧಾರಾವಾಹಿ ಟಿ.ವಿ.ಯಲ್ಲಿ ಮುಗಿದು ಒಂದು ಮಳೆಗಾಲ ಕಳೆದಿತ್ತು, ಅಕ್ಕ ಮಾತ್ರ ಮುಗಿಸಿರಲಿಲ್ಲ. ಕಥೆ ಹೇಳುತ್ತಾ ಅವರು ಮುಂದೆ ಮುಂದೆ ಹೋಗುವುದು, ಹಿಂದೆ ಬಿದ್ದರೆ ಅತ್ತೆ ಸೊಸೆಗೆ ಏನಂದಳು ಅನ್ನುವುದು ಕೇಳುವುದಿಲ್ಲ ಅಂತ ಉಳಿದವರು ಸರಸರ ಕೊಯ್ದು ಅವರನ್ನು ಹಿಡಿಯುವುದು. ಹೀಗಾಗಿ ಎಲ್ಲರ ಚೀಲವೂ ತುಂಬುತ್ತಿತ್ತು, ಅಕ್ಕನದು ಬಿಟ್ಟು.

ಮ್ಯಾನೇಜರ್ರಿಗೆ ಕಂಡಿದ್ದು ಆ ಒಂದು ಚೀಲ. "ಬಾಯಿಗಿರೋ ಕೆಲಸ ಕೈಗಿಲ್ಲ. ನಾಳೆಯಿಂದ ಬರೋದು ಬೇಡ" ಅಂದುಬಿಟ್ಟರು. ಅಕ್ಕನ ಮುಖ ಸಣ್ಣದಾಯಿತು. ನನಗೂ ಬಹಳ ಬೇಜಾರಾಯಿತು, ಆದರೆ ಡ್ರೈವರ್ ಮಾತು ಯಾರು ಕೇಳುತ್ತಾರೆ?

ಮರುದಿನ ಸರ್ಕಲ್ಲಿನಲ್ಲಿ ಅಕ್ಕ ಬೇರೆ ಎಸ್ಟೇಟಿನ ಜೀಪಿನಲ್ಲಿ ಕೂತಿದ್ದರು. ನಮ್ಮ ಹೆಂಗಸರು ಒಬ್ಬೊಬ್ಬರಾಗಿ ಆ ಕಡೆಗೇ ಹೊರಟರು. ನಾನು ಕೈ ಮುಗಿದೆ. "ನನ್ನ ಹೊಟ್ಟೆ ಮೇಲೆ ಹೊಡೀಬೇಡ್ರವ್ವ."

"ನಿಮ್ಮ ಮೇಲೆ ಸಿಟ್ಟಿಲ್ಲ ಡ್ರೈವರಣ್ಣ" ಅಂದಳು ಕುಕ್ಕರ್ ಗೆದ್ದವಳು. "ನಿನ್ನೆ ಆ ಸೊಸೆನ ಕೋಣೆಯೊಳಗೆ ಕೂಡಿ ಹಾಕಿ ಬಂದಿದ್ದೀವಿ. ಅವಳು ಹೊರಗೆ ಬರೋದು ಬೇಡ್ವಾ?"

ನನ್ನ ಜೀಪಿನಲ್ಲಿ ಉಳಿದದ್ದು ಒಬ್ಬಳೇ ಮುದುಕಿ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ.

ಮ್ಯಾನೇಜರ್ ಆಸ್ಪತ್ರೆಯಲ್ಲಿ

ಖಾಲಿ ಜೀಪು ನೋಡಿ ಸಾಹುಕಾರ್ರು ನನ್ನನ್ನೂ ಮ್ಯಾನೇಜರ್ರನ್ನೂ ಒಟ್ಟಿಗೆ ನಿಲ್ಲಿಸಿಕೊಂಡರು. "ನಾಳೆಯೂ ಹೀಗೇ ಆದ್ರೆ ಇಬ್ರೂ ಹೊರಡಿ" ಅಂದರು. ಸಂಜೆ ಇಬ್ಬರೂ ಕಥೆಯಕ್ಕನ ಮನೆಗೆ ಹೋದೆವು. ಮ್ಯಾನೇಜರ್ ಮರ್ಯಾದೆಯಿಂದ ತಪ್ಪಾಯಿತು ಅಂದರು. ಅಕ್ಕ ಕಾಫಿ ಕೊಟ್ಟು, "ಬರ್ತೀನಿ ಬಿಡಿ ಸಾರ್. ಆದ್ರೆ ಕಥೆ ಸ್ವಲ್ಪ ಮುಂದೆ ಹೋಗಿದೆ" ಅಂದರು.

ಎಲ್ಲಿಗೆ ಹೋಗಿದೆ ಅಂತ ಮರುದಿನ ಸಾಲಿನಲ್ಲಿ ಗೊತ್ತಾಯಿತು. ಕಥೆಯೊಳಗೆ ಒಬ್ಬ ಮ್ಯಾನೇಜರ್ ಬಂದಿದ್ದ. ಬಡ ಹೆಂಗಸೊಬ್ಬಳನ್ನು ಕೆಲಸದಿಂದ ತೆಗೆದ ದಿನವೇ ಅವನಿಗೆ ಹಾವು ಕಚ್ಚಿ, ಪ್ರಜ್ಞೆ ಇಲ್ಲದೆ ಆಸ್ಪತ್ರೆ ಸೇರಿದ್ದ. ಹೆಂಗಸರಿಗೆ ಹಬ್ಬ. ಕೈ ಎಂಥಾ ಓಡಿತು ಅಂತೀರಿ.

ನಮ್ಮ ಮ್ಯಾನೇಜರ್ ಮೊದಲು ದೂರ ನಿಂತು ಕೇಳಿದರು. ಆಮೇಲೆ ಹತ್ತಿರ ಬಂದರು. ಸಂಜೆ ನೋಡಿದರೆ ಅವರ ಸೊಂಟಕ್ಕೂ ಒಂದು ಚೀಲ, ಅದೂ ಮುಕ್ಕಾಲು ತುಂಬಿತ್ತು. "ಅಕ್ಕಾ, ಅವನಿಗೆ ಸ್ವಲ್ಪ ಪ್ರಜ್ಞೆ ಬರ್ಸಬಹುದಲ್ಲ?" ಅಂತ ಮೆಲ್ಲಗೆ ಕೇಳಿದರು.

"ನೋಡುವ ಸಾರ್, ಡಾಕ್ಟ್ರು ಎಂತ ಹೇಳ್ತಾರೋ."

ಡಾಕ್ಟ್ರು ಏನೂ ಹೇಳಲಿಲ್ಲ. ದಿನಾ ಮ್ಯಾನೇಜರ್ ಕೇಳುವುದು, ಅಕ್ಕ ತಲೆ ಅಲ್ಲಾಡಿಸುವುದು. ಬೇರೆ ಜೀಪಿನವರೂ ರೋಗಿಯನ್ನು ವಿಚಾರಿಸಲು ನಮ್ಮ ಜೀಪಿಗೆ ಹತ್ತತೊಡಗಿದರು. ನಿಲ್ಲಲೂ ಜಾಗ ಇರಲಿಲ್ಲ. ಸಾಹುಕಾರ್ರು ನನ್ನನ್ನು ನೋಡಿ ನಕ್ಕ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಹಾಗೇ ಮೊದಲು ಹಣ್ಣಾಗುವ ಅರೇಬಿಕಾ ಕಾಫಿಯ ಕೊಯ್ಲು ಮುಗಿಯಿತು. ತಡವಾಗಿ ಹಣ್ಣಾಗುವ ರೊಬಸ್ಟಾ ಕಾಫಿ ಇನ್ನೂ ಪೂರ್ತಿ ಗಿಡದಲ್ಲೇ ಇತ್ತು.

ಆ ಸಂಜೆ ವಾಪಸ್ ಬರುವಾಗ ಜೀಪಿನ ಹಿಂದಿನಿಂದ ಕಥೆಯಕ್ಕ ಅಂದರು, "ಸಾರ್ ಪಾಪ, ದಿನಾ ಕೇಳ್ತಾರೆ. ನಾಳೆ ಆ ಮ್ಯಾನೇಜರ್‌ನ ಎಬ್ಬಿಸಿಬಿಡ್ತೀನಿ. ಅವನು ಎದ್ರೆ ಅಲ್ಲಿಗೆ ಕಥೆಯೂ ಮುಗೀತು."

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಹಿಂದೆ ತಿರುಗಿ ಎರಡೂ ಕೈ ಜೋಡಿಸಿದರು.

"ದಮ್ಮಯ್ಯ ಅಕ್ಕಾ, ರೊಬಸ್ಟಾ ಮುಗಿಯೋ ತನಕ ನನ್ನನ್ನ ಎಬ್ಬಿಸ್ಬೇಡಿ."