ನೆಲಮಾಳಿಗೆಯ ತಂಪು

ಬೈಸಿಕೊಂಡರೆ ನನಗೆ ಅಷ್ಟು ನಾಚಿಕೆಯಾಗುವುದಿಲ್ಲ. ಬೈದವರಲ್ಲೂ ನಾಲ್ಕು ತಪ್ಪು ಹುಡುಕಿ ಸಮಾಧಾನ ಮಾಡಿಕೊಳ್ಳಬಹುದು. ತನ್ನದಲ್ಲದ ಹೊಗಳಿಕೆಗೆ ಮಾತ್ರ ಮದ್ದಿಲ್ಲ. ಈ ಬೇಸಿಗೆಯಲ್ಲಿ ನನಗೆ ಅಂಥದೊಂದು ಅಂಟಿಕೊಂಡು, ವಿಭೂತಿ ಹಚ್ಚಿದ ಹಣೆ ಎತ್ತಿ ಓಡಾಡಲು ಆಗುತ್ತಿಲ್ಲ.

ನಮ್ಮ ಯಜಮಾನರು ಕೊಟ್ಟೂರಿನಲ್ಲಿ ವಿಮಾ ಏಜೆಂಟರು. ಆಫೀಸೆಂದರೆ ನಮ್ಮ ಪಡಸಾಲೆಯೇ. ನಮ್ಮ ಜನ ಹೊಸ್ತಿಲಾಚೆಗೇ ನಿಲ್ಲಿಸುತ್ತ ಬಂದ ಆಚೆ ಕೇರಿಯ ಹುಡುಗರಿಗೂ ಈಚೆಗೆ ನೌಕರಿ ಸಿಕ್ಕು, ಅವರೂ ಪಾಲಿಸಿ ಮಾಡಿಸಲು ಬರತೊಡಗಿದರು. ಯಜಮಾನರು "ಬರ್ರಿ, ಕುಂದರ್ರಿ" ಎಂದು ಅವರನ್ನೂ ಪಡಸಾಲೆಗೇ ಕರೆಯುವವರು. ಎದುರಿಗೇ ನನ್ನ ದೇವರ ಕೋಣೆ. ಧೂಳು, ಬೀಡಿ ವಾಸನೆ ಎಂದು ಬಾಯಲ್ಲಿ ಗೊಣಗಿದೆ, ಹೊಟ್ಟೆಯೊಳಗಿದ್ದದ್ದು ಬೇರೆ. ದಿನಾ ಬೆಳಿಗ್ಗೆ "ಎಲ್ಲಾರೂ ನಿನ್ನ ಮಕ್ಕಳಪ್ಪಾ ಶಿವನೇ" ಎಂದು ಕೈಮುಗಿಯುವವಳು ನಾನು. ಆ ಮಕ್ಕಳು ಎದುರಿಗೇ ಬಂದು ಕೂತರೆ ಕಷ್ಟವೆಂದು ತಿಳಿದದ್ದು ಆಗಲೇ.

ಮನೆಯಡಿ ಜೋಳದ ಚೀಲ ಇಡುವ ನೆಲಮಾಳಿಗೆಯಿದೆ. ಚೀಲ ಇಳಿಸಲೆಂದು ಸಂದಿಯ ಕಡೆಯಿಂದ ಅದಕ್ಕೊಂದು ಬಾಗಿಲು. ನಮ್ಮ ಹೊಸ್ತಿಲು ತುಳಿಯದೆ ಬಂದು ಹೋಗಬಹುದು. "ನಿಮಗೊಂದು ಬ್ಯಾರೆ ಆಫೀಸ್ ಬೇಕ್ರಿ, ಎಷ್ಟಂತ ಪಡಸಾಲ್ಯಾಗ ಒದ್ದಾಡ್ತೀರಿ?" ಎಂದೆ. "ನನ್ನ ಕಷ್ಟ ನಿನಗರ ಗೊತ್ತಾತಲ್ಲ!" ಎಂದು ಅವರ ಕಣ್ಣು ತುಂಬಿತು. ಆಮೇಲೆ ನನ್ನ ಹುರುಪು ನೋಡಬೇಕಿತ್ತು. ಇಲಿಬಿಲ ಮುಚ್ಚಿಸಿದೆ, ಬೇವಿನ ಹೊಗೆ ಹಾಕಿದೆ, ಸುಣ್ಣ ಬಳಿಸಿದೆ. ಮೇಜು, ಕುರ್ಚಿ, ಬಂದವರಿಗೆ ಜಮಖಾನೆ, ಹೂಜಿಯಲ್ಲಿ ನೀರು. ಪಕ್ಕದಲ್ಲಿ ಲೋಟ ಎರಡು: ಸ್ಟೀಲಿನದು ನಮ್ಮ ಜನಕ್ಕೆ, ಅಲ್ಯೂಮಿನಿಯಮ್ಮಿನ ಜರ್ಮನ್ ಲೋಟ ಆಚೆ ಕೇರಿಯವರಿಗೆ.

ಮರೆತದ್ದು ನಮ್ಮೂರ ಬಿಸಿಲನ್ನು. ಏಪ್ರಿಲ್ ಬರುತ್ತಲೇ ಮೇಲಿನ ಮನೆ ಮಂಡಕ್ಕಿ ಭಟ್ಟಿಯಾಯಿತು, ಕೆಳಗೆ ಮಾತ್ರ ತಣ್ಣಗೆ. ಮೊದಲು ನಮ್ಮ ಅತ್ತೆ ಎಲೆ ಅಡಿಕೆ ಸಂಚಿ ಹಿಡಿದು ಇಳಿದರು. ಊಟಕ್ಕೆ ಕರೆದರೂ ಯಜಮಾನರು ಮೇಲೆ ಬರಲೊಲ್ಲರು. ದೇವರನ್ನು ಬಿಟ್ಟು ಇಳಿಯಬಾರದೆಂದು ನಾನೊಬ್ಬಳೇ ಬೇಯುತ್ತಿದ್ದೆ. ಒಂದು ಸೋಮವಾರ, ಉಪವಾಸ ಬೇರೆ, ಕರೆಂಟೂ ಹೋಗಿ ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದು ಒಳಮೆಟ್ಟಿಲು ಇಳಿದೆ.

ಅಲ್ಲಿ ಅತ್ತೆ, ಆಚೆ ಕೇರಿಯ ಹನುಮಕ್ಕನ ಜೊತೆ ಒಂದೇ ಸಂಚಿಯಿಂದ ಎಲೆ ಹಾಕಿಕೊಳ್ಳುತ್ತ ಕೂತಿದ್ದರು. ಹೊಸಹಳ್ಳಿಯಲ್ಲಿ ಮೇಷ್ಟ್ರಾಗಿರುವ ಹನುಮಕ್ಕನ ಮಗ ಪಾಲಿಸಿ ಕಾಗದಕ್ಕೆ ಸಹಿ ಹಾಕುತ್ತಿದ್ದರು. "ಅಯ್ಯ ಅವ್ವಾರ!" ಎಂದು ಹನುಮಕ್ಕ ಓಡಿಬಂದು ನನ್ನನ್ನು ಕೂರಿಸಿ, ಸೆರಗಿನಿಂದ ಗಾಳಿ ಹಾಕಿ, ಕೈಗೆ ಸಿಕ್ಕ ಲೋಟದಲ್ಲಿ ನೀರು ಕೊಟ್ಟರು. ಗಟಗಟ ಕುಡಿದೆ. ಕುಡಿದ ಮೇಲೆ ನೋಡಿದರೆ ಜರ್ಮನ್ ಲೋಟ. ನೀರು ತಂಪಾಗಿಯೇ ಇತ್ತು.

"ಬ್ಯಾರೆ ಮನ್ಯಾಗ ನಮ್ಮನ್ನ ಹೊರಗ ಬಿಸಿಲಾಗ ಕುಂದರ್ಸ್ತಾರ್ರೀ. ನೀವು ಸುಡೋದು ನಿಮಗಿಟ್ಕಂಡು ತಂಪು ನಮಗ ಕೊಟ್ಟೀರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದರು ಹನುಮಕ್ಕ.

ಮೇಷ್ಟ್ರು ತಲೆ ಎತ್ತಿ ನನ್ನ ಕೈಯ ಲೋಟ ನೋಡಿದರು, ಹೂಜಿಯ ಪಕ್ಕದ ಸ್ಟೀಲ್ ಲೋಟ ನೋಡಿದರು, ಮತ್ತೆ ಸಹಿಗೆ ಬಗ್ಗಿದರು. ಒಂದು ಮಾತು ಅಂದಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಅತ್ತೆ ಎಲೆ ಜಗಿಯುತ್ತ, "ಹೂಂ ಮತ್ತ, ನಮ್ಮ ಸೊಸಿ ಅಂದ್ರ ಏನಂತ ತಿಳಿದೀ? ಭಾಳ ಧರ್ಮದಾಕಿ!" ಎಂದರು.

ಸ್ಟೀಲ್ ಲೋಟವನ್ನು ಅಂದೇ ಮೇಲೆ ತಂದಿಟ್ಟೆ. ಕೆಳಗೆ ಈಗ ಎಲ್ಲರಿಗೂ ಒಂದೇ. ಅಷ್ಟು ಬುದ್ಧಿಯನ್ನಾದರೂ ಶಿವ ಕೊಟ್ಟನಲ್ಲ. ಆದರೂ ಮನಸ್ಸು ಹಗುರಾಗಲಿಲ್ಲ. ಮೊನ್ನೆ ಧೈರ್ಯ ಮಾಡಿ, "ಹನುಮಕ್ಕ, ಸಂದಿಯಿಂದ ಯಾಕ ಬರ್ತೀರಿ? ಮುಂದಿನ ಬಾಗಿಲಿಂದ ಬರ್ರಿ, ಪಡಸಾಲ್ಯಾಗ ಕುಂದ್ರೋಣು" ಎಂದೆ. ಆಕೆ ಗಾಬರಿಯಾಗಿ, "ಯಾಕ್ರೀ ಅವ್ವಾರ, ನಮ್ಮಿಂದ ಏನರ ತಪ್ಪಾತೇನು? ಇಂಥಾ ಬಿಸಿಲಾಗ ನಮ್ಮನ್ನ ಮ್ಯಾಲ ಹಾಕ್ತೀರಲ್ಲ!" ಎಂದರು.

ಈಗ ಮಳೆಗೆ ಕಾಯುತ್ತಿದ್ದೇನೆ. ಊರವರೆಲ್ಲ ಬಿತ್ತಲಿಕ್ಕೆ ಕಾದರೆ, ನಾನು ಹನುಮಕ್ಕನನ್ನು ಪಡಸಾಲೆಗೆ ಕರೆಯಲಿಕ್ಕೆ. ಅಲ್ಲಿಯವರೆಗೆ, ಅವರೇ ಸರಿದು ಕೊಟ್ಟ ಜಾಗದಲ್ಲಿ, ಜಮಖಾನೆಯ ಅಂಚಿಗೆ ಕೂತಿರುತ್ತೇನೆ.