ಕಾರಿನ ಹಣೆಗಣ್ಣು

ನನಗಿಂತ ಬುದ್ಧಿವಂತರ ಜೊತೆ ಬಾಳುವುದು ನನಗೇನೂ ಹೊಸದಲ್ಲ. ಮದುವೆಯಾದಾಗಿನಿಂದ ಅದೇ ಅಭ್ಯಾಸ. ಆದರೆ ಕೈಯಾರೆ ದುಡ್ಡು ಕೊಟ್ಟು, ನನಗಿಂತ ಬುದ್ಧಿವಂತವಾದ ವಸ್ತುವೊಂದನ್ನು ಮನೆಮುಂದೆ ತಂದು ನಿಲ್ಲಿಸಿಕೊಂಡದ್ದು ಇದೇ ಮೊದಲು. ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು ನಾನು. ಚೀಲ ಎತ್ತಿ ನೋಡಿ ತೂಕ ಹೇಳಬಲ್ಲೆ, ರೈತನ ಮುಖ ನೋಡಿ ಮಳೆ ಹೇಳಬಲ್ಲೆ. ಈ ಹೊಸ ಕಾರಿನ ಮುಂದೆ ಮಾತ್ರ ಒಂದನೇ ಕ್ಲಾಸಿಗೆ ಸೇರಿದವನ ಹಾಗೆ ಕೈಕಟ್ಟಿ ನಿಲ್ಲುತ್ತೇನೆ.

ಕಾರು ಕೊಂಡದ್ದಕ್ಕೆ ಕಾರಣ ನನ್ನ ಅತ್ತೆ. ಅತ್ತೆ ಅಂದರೆ ಹೆಂಡತಿ ಗಿರಿಜಳ ತಾಯಿ, ಸೊರಬದ ಕಡೆ ಕುಬಟೂರಿನವರು. ಹಳೆಯ ಕಾರಿನಲ್ಲಿ ಒಮ್ಮೆ ಅವರನ್ನು ಕೂರಿಸಿಕೊಂಡು ರಿವರ್ಸ್ ತೆಗೆಯುವಾಗ, ಕಾರು ಅವರದೇ ಹುಲ್ಲಿನ ಬಣವೆಯೊಳಗೆ ಹೊಕ್ಕು ಕೂತಿತ್ತು. ಯಾರಿಗೂ ಏನೂ ಆಗಲಿಲ್ಲ, ಹುಲ್ಲು ಮೆತ್ತಗಿತ್ತು. ಆದರೆ ಅಂದಿನಿಂದ ಅತ್ತೆ ನನ್ನ ಕಾರು ಹತ್ತಲಿಲ್ಲ. "ನಮ್ಮ ಅಳಿಯಂದ್ರು ದೇವರಂಥೋರು. ಗಾಡಿ ಬಿಡೋದೊಂದು ಬ್ಯಾಡ" ಎಂದು ಊರಿಗೆಲ್ಲ ಹೇಳಿಕೊಂಡು ಬಸ್ಸಿನಲ್ಲೇ ಓಡಾಡಿದರು. ಈಗ ನಮ್ಮ ಮಗಳ ಸೀಮಂತ ಬಂದಿತ್ತು. ಅಜ್ಜಿಯೇ ಬಂದು ಮೊದಲ ಉಡಿ ತುಂಬಬೇಕು. ಗಿರಿಜ ಖಡಾಖಂಡಿತವಾಗಿ ಹೇಳಿಬಿಟ್ಟಳು: "ನೋಡ್ರೀ, ಬೀಗರೆಲ್ಲ ಬಂದಿರ್ತಾರೆ. ಕಾರು ಬಾಗಿಲ ಮುಂದೆ ನಿಂತಿರೋವಾಗ ನಮ್ಮವ್ವ ಚೀಲ ಹಿಡ್ಕಂಡು ಬಸ್ಸಿಳಿದು ಬಂದ್ರೆ ನಾನು ಮುಖ ಎಲ್ಲಿಟ್ಕಳ್ಳಿ?" ಅವಳ ಮುಖದ ಪ್ರಶ್ನೆ ಅವಳದು, ನನ್ನ ಮುಖವಂತೂ ಬಣವೆಯಲ್ಲೇ ಉಳಿದಿತ್ತು. ಅದನ್ನು ಈಚೆ ತೆಗೆಯಬೇಕಿತ್ತು.

ಷೋರೂಮಿನ ಹೆಣ್ಣುಮಗಳು ಗಾಜಿನ ಮೇಲ್ತುದಿಯನ್ನು ತೋರಿಸಿ, "ಸರ್, ಇಲ್ಲೊಂದು ಕಣ್ಣಿದೆ. ಎದುರಿಗೆ ಏನು ಬಂದ್ರೂ ನೋಡುತ್ತೆ. ನೀವು ಬ್ರೇಕ್ ಹಾಕ್ದೇ ಇದ್ರೆ ಅದೇ ಹಾಕುತ್ತೆ" ಎಂದಾಗ ನನ್ನ ಮೈ ಜುಮ್ಮೆಂದಿತು. ಹಣೆಯ ಮೇಲೆ ಕಣ್ಣು! ನಮ್ಮ ಮನೆದೇವರು ತೊಗರ್ಸಿ ಮಲ್ಲಿಕಾರ್ಜುನನನ್ನು ಬಿಟ್ಟರೆ ಇನ್ಯಾರಿಗೂ ಇಲ್ಲದ ಸೌಲಭ್ಯ. ಅಲ್ಲೇ ಕೈಮುಗಿದೆ. ಆಕೆ ತನಗೇ ಎಂದುಕೊಂಡು ತಿರುಗಿ ಮುಗಿದಳು.

ಮನೆಗೆ ಬಂದ ಮೇಲೆ ಅದರ ಒಂದೊಂದೇ ಮಹಿಮೆ ಗೊತ್ತಾಗತೊಡಗಿತು. ಕೀಲಿ ಜೇಬಿನಲ್ಲಿಟ್ಟುಕೊಂಡು ದೂರ ನಡೆದರೆ ತಾನೇ ಬೀಗ ಹಾಕಿಕೊಳ್ಳುತ್ತದೆ. ನಿಜವಾಗಿಯೂ ಹಾಕಿಕೊಂಡಿತೇ ಎಂದು ನೋಡಲು ಹತ್ತಿರ ಹೋದರೆ, ಯಜಮಾನ ಬಂದ ಎಂದು ತೆರೆದುಕೊಳ್ಳುತ್ತದೆ. ದೂರ ಹೋದರೆ ಅನುಮಾನ, ಹತ್ತಿರ ಬಂದರೆ ಬೀಗವಿಲ್ಲ. ಕೊನೆಗೆ ಕೀಲಿಯನ್ನು ಗಿರಿಜಳ ಕೈಗೆ ಕೊಟ್ಟು, ಅವಳನ್ನು ಬೀದಿಯ ತುದಿಗೆ ಕಳಿಸಿ, ಬಾಗಿಲು ಜಗ್ಗಿ ನೋಡಿದೆ. ನನ್ನದೇ ಕಾರು ನನ್ನನ್ನು ಒಳಗೆ ಬಿಡಲಿಲ್ಲ. ಎಂಥ ನಿಯತ್ತು! ಕಣ್ಣಲ್ಲಿ ನೀರು ಬಂತು.

ಇನ್ನು ನಮ್ಮ ಕಡೆ ಡಾಂಬರು ರಸ್ತೆಯೆಂದರೆ ಅರ್ಧ ವಾಹನಗಳಿಗೆ, ಅರ್ಧ ಮೆಕ್ಕೆಜೋಳ ಒಣಗಿಸುವುದಕ್ಕೆ. ಜೋಳ ತಪ್ಪಿಸಲು ಬಲಕ್ಕೆ ಸರಿದರೆ ಸಾಕು, ಗೆರೆ ದಾಟಿದೆಯೆಂದು ಕಾರು ಕುಂಯ್ ಎನ್ನುತ್ತದೆ. ಸ್ಟೇರಿಂಗನ್ನೂ ಮೆಲ್ಲಗೆ ಎಡಕ್ಕೆ ಎಳೆಯುತ್ತದೆ. ನಾಲ್ಕು ಜನರ ನಡುವೆ ನಾನು ಬಾಯಿ ಜಾಸ್ತಿ ಬಿಟ್ಟಾಗ ಗಿರಿಜ ಅಂಗಿಯ ತುದಿ ಎಳೆಯುತ್ತಾಳಲ್ಲ, ಥೇಟ್ ಹಾಗೆ.

ಸೀಮಂತದ ಹಿಂದಿನ ದಿನ ಬೆಳಿಗ್ಗೆ, ಮೊದಲು ತೊಗರ್ಸಿಯಲ್ಲಿ ಕಾರಿನ ಪೂಜೆ, ಆಮೇಲೆ ಕುಬಟೂರಿನಿಂದ ಅತ್ತೆಯನ್ನು ಕರೆತರುವುದು ಎಂದು ಹೊರಟೆವು. ಗಿರಿಜ ಹೂವಿನ ಬುಟ್ಟಿ ಹಿಡಿದು ಹಿಂದೆ ಕೂತಳು. ಬೂದುಗುಂಬಳಕಾಯಿಯನ್ನು ಮುಂದಿನ ಸೀಟಿನಲ್ಲಿಟ್ಟರೆ, ಬೆಲ್ಟ್ ಹಾಕುವ ತನಕ ಕಾರು ಬಾಯಿ ಮುಚ್ಚಲಿಲ್ಲ. ಇನ್ನೇನು ಒಡೆಸಿಕೊಳ್ಳಲಿರುವ ಕುಂಬಳಕಾಯಿಯ ಜೀವಕ್ಕೂ ಅಷ್ಟು ಕಾಳಜಿ! ಬೆಲ್ಟ್ ಬಿಗಿದು ಕರೆದೊಯ್ದೆ.

ದೇವಸ್ಥಾನದ ಮುಂದೆ ಸ್ವಾಮಿಗಳು ಬಾನೆಟ್ಟಿಗೆ ವಿಭೂತಿ ಹಚ್ಚಲು ಬಂದರು. ನನಗೆ ಭಕ್ತಿ ಉಕ್ಕಿತು. "ಸ್ವಾಮೇರೆ, ಅಲ್ಲಲ್ಲ. ಇದರ ಕಣ್ಣಿರೋದು ಮೇಲೆ. ಅಲ್ಲಿಗೇ ಹಚ್ಚಿಬಿಡ್ರಿ, ಸ್ವಲ್ಪ ದಪ್ಪಗೇ ಇರ್ಲಿ" ಎಂದೆ. ಅವರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಧಾರಾಳವಾಗಿ ಎಳೆದರು. ಕಾರು ಶುರು ಮಾಡಿದಾಗ ಎದುರಿನ ಪರದೆಯ ಮೇಲೆ ಹಳದಿ ಬಣ್ಣದ ಇಂಗ್ಲಿಷ್ ಅಕ್ಷರಗಳು ಮೂಡಿದವು. ನನ್ನ ಓದುವ ಕನ್ನಡಕ ಅಂಗಡಿಯಲ್ಲಿತ್ತು. ಅರಿಶಿನದ ಬಣ್ಣ, ಶುಭವೇ ಇರಬೇಕು ಎಂದುಕೊಂಡೆ. ಅಲ್ಲಿಂದ ಕುಬಟೂರಿನವರೆಗೆ ಕಾರು ಒಮ್ಮೆಯೂ ಕುಂಯ್ ಎನ್ನಲಿಲ್ಲ. ಪೂಜೆಯಿಂದ ಎಷ್ಟು ಶಾಂತವಾಯಿತು ನೋಡು ಎಂದು ಗಿರಿಜಳಿಗೂ ಹೇಳಿದೆ.

ಅತ್ತೆ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು, ಬಣವೆಯ ಕಡೆ ಒಮ್ಮೆ ನೋಡಿದರು. "ಅತ್ತೇರೆ, ಈಗ ಗಾಡಿ ಬಿಡೋನು ನಾನಲ್ಲ, ಅದೇ. ಎದುರಿಗೆ ಇರುವೆ ಬಂದ್ರೂ ನಿಲ್ತದೆ" ಎಂದೆ. ಮೊಮ್ಮಗಳ ಮುಖ ನೆನೆದು ಅವರು ಮುಂದೆ ಹತ್ತಿ ಕೂತರು. ಬೆಲ್ಟ್ ಹಾಕುವಾಗ ಮಾತ್ರ, "ಕಟ್ಟಿಹಾಕಿ ಕರ್ಕಂಡು ಹೋಗ್ತೀರಾ ಅಳಿಯಂದ್ರೆ?" ಎಂದರು.

ಆನವಟ್ಟಿ ದಾಟಿದ ಮೇಲೆ ಒಣಹಾಕಿದ ಜೋಳ ಮೇಯುತ್ತಿದ್ದ ಎಮ್ಮೆಯೊಂದು ಸಾವಕಾಶವಾಗಿ ರಸ್ತೆಯ ನಡುವೆ ಬಂದು ನಿಂತಿತು. ನನಗೆ ಖುಷಿಯೋ ಖುಷಿ. ದೇವರೇ ಕಳಿಸಿದ ಎಮ್ಮೆ! "ನೋಡ್ತಾ ಇರ್ರಿ ಅತ್ತೇರೆ, ಈಗ ಅದೇ ನಿಲ್ತದೆ" ಎಂದು ಕಾಲು ಎತ್ತಿಕೊಂಡು ಕೂತೆ. ಕಾರು ಹೋಗುತ್ತಲೇ ಇತ್ತು. ಎಮ್ಮೆ ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

"ತುಳಿಯೋ! ಲೇ, ತುಳಿಯೋ ಬ್ರೇಕು!"

ಮದುವೆಯಾದಾಗಿನಿಂದ ನನ್ನನ್ನು 'ನೀವು' ಎಂದೇ ಕರೆಯುತ್ತಿದ್ದ ಅತ್ತೆಯ ಗಂಟಲಿಂದ ಬಂದ ಆ ಕೂಗಿಗೆ ನನ್ನ ಕಾಲು ನನ್ನನ್ನು ಕೇಳದೆ ಕೆಲಸ ಮಾಡಿತು. ಕಾರು ನಿಂತಿತು. ಎಮ್ಮೆ ಬಾಲವನ್ನು ಬಾನೆಟ್ಟಿಗೊಮ್ಮೆ ಬೀಸಿ ಮತ್ತೆ ಜೋಳಕ್ಕೆ ಹೋಯಿತು. ಗಿರಿಜ ತನ್ನ ಕನ್ನಡಕ ಹಾಕಿಕೊಂಡು, ಹಿಂದಿನಿಂದ ಬಗ್ಗಿ ಪರದೆ ಓದಿದಳು. "ರೀ, ಮುಂದಿನ ಕಣ್ಣು ಮುಚ್ಚೈತಂತೆ. ತಾನಾಗೇ ಬ್ರೇಕ್ ಹಾಕಲ್ಲ ಅಂತ ಬರ್ದಿದೆ ಕಣ್ರೀ."

ನಾನು ಇಳಿದು ಒರೆಸುವ ಬಟ್ಟೆ ತೆಗೆದೆ. ಅತ್ತೆ ತಡೆದರು. "ದೇವರ ವಿಭೂತಿ, ನೆಲಕ್ಕೆ ಬೀಳ್ಬಾರ್ದು. ಇಲ್ಲಿ ಕೊಡ್ರಿ." ಮತ್ತೆ 'ನೀವು' ಬಂದಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಗಾಜಿನಿಂದ ಕೆರೆದು ಅವರ ಅಂಗೈಗೆ ಹಾಕಿದೆ. ಅವರು ಅಷ್ಟನ್ನೂ ಹಣೆಗೆ ಎಳೆದುಕೊಂಡರು. "ಬಸ್ ಸ್ಟ್ಯಾಂಡಿಗೆ ಬಿಡ್ಲಾ ಅತ್ತೇರೆ?" ಎಂದೆ.

"ಬ್ಯಾಡ. ನಾನು ಇಳಿದ್ರೆ ಹಿಂದೆ ಕೂತಿರೋ ನನ್ನ ಮಗಳ ಗತಿಯೇನು? ನಡೀರಿ."

ಬೀಗರ ಮುಂದೆ ಅತ್ತೆ ಹೊಸ ಕಾರಿನಿಂದಲೇ ಇಳಿದರು. ಗಿರಿಜಳ ಮುಖ ಉಳಿಯಿತು. ಉಡಿ ತುಂಬಿದ್ದೂ ಆಯಿತು. ಆದರೆ ಅತ್ತೆ ಊರಿಗೆ ಹೋಗಿಲ್ಲ. ನಾನು ಕೀಲಿ ಹಿಡಿದರೆ ಸಾಕು, ಅಂಗಡಿಗಾಗಲಿ ಸಂತೆಗಾಗಲಿ, ಮುಂದಿನ ಸೀಟಿನಲ್ಲಿ ತಾವೇ ಬೆಲ್ಟ್ ಹಾಕಿಕೊಂಡು ಕೂತಿರುತ್ತಾರೆ. ನಾಯಿ, ಗುಂಡಿ, ಜೋಳದ ರಾಶಿ ಯಾವುದಕ್ಕೇ ಆಗಲಿ, ಕಾರು ಕುಂಯ್ ಎನ್ನುವ ಮೊದಲೇ ಅತ್ತೆಯ "ತುಳಿಯೋ!" ಬಂದಿರುತ್ತದೆ. ಕಾರಿನ ಕಣ್ಣು ಕಟ್ಟಲು ಮೂರು ಬೆರಳು ವಿಭೂತಿ ಸಾಕಾಯಿತು. ಅತ್ತೆ ದಿನಾ ಹಣೆ ತುಂಬ ಬಳಿದುಕೊಂಡೇ ಹತ್ತುತ್ತಾರೆ, ಏನೂ ಪ್ರಯೋಜನವಾಗಿಲ್ಲ.