ನಿಂಬೆಹಣ್ಣು ನಿಲ್ಲದ ಟೊಪ್ಪಿ

ಹಾಳಾದ ವಸ್ತುವನ್ನು ಕಂಡರೆ ಕೈ ಸುಮ್ಮನಿರದ ಜನರಿದ್ದಾರೆ. ಬೇರೆಯವರ ಮನೆಗೆ ಹೋದರೆ ಕಾಫಿ ಬರುವುದರೊಳಗೆ ಅಲುಗಾಡುವ ಸ್ಟೂಲಿನ ಕಾಲಡಿ ಕಾಗದ ಮಡಚಿ ಇಟ್ಟಿರುತ್ತಾರೆ. ನಿಂತ ಗೋಡೆ ಗಡಿಯಾರವನ್ನು ಕೇಳದೆಯೇ ಇಳಿಸುತ್ತಾರೆ. ನಾನು ಆ ಪೈಕಿಯವನು, ಮತ್ತು ಇದನ್ನು ಬಹಳ ವರ್ಷ ಸದ್ಗುಣವೆಂದೇ ನಂಬಿದ್ದೆ. ಕಳೆದ ಆಯುಧಪೂಜೆಯ ದಿನ ಬೆಳಗ್ಗೆ ಹತ್ತೂಕಾಲು ಗಂಟೆಯವರೆಗೆ ನಂಬಿದ್ದೆ ಎಂದು ಬರೆದರೆ ಹೆಚ್ಚು ಸರಿ. ವೇಳೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳುವುದು ನನ್ನ ಹಳೆಯ ಕೆಲಸದ ಫಲ. ಮೂವತ್ತೆರಡು ವರ್ಷ ಸರ್ವೇಯರ್ ಆಗಿದ್ದೆ. ಸರಪಳಿ ಎಳೆಯುವುದು, ಗಡಿಕಲ್ಲು ಹುಡುಕುವುದು, ಸ್ಥಳದಲ್ಲಿ ಕಂಡದ್ದನ್ನು ಕಂಡಂತೆ ಬರೆದು ಊರಿನ ಇಬ್ಬರು ಪಂಚರಿಂದ ಸಹಿ ಹಾಕಿಸಿ ಮಹಜರು ಮಾಡುವುದು, ಇದೇ ನನ್ನ ಬದುಕು. ನನ್ನ ಅಳತೆ ಒಂದು ಬೆರಳು ಆಚೀಚೆ ಆಯಿತೆಂದು ಯಾರೂ ಮೇಲ್ಮನವಿ ಹೋದದ್ದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನನಗೇ ಇದು ಚುಚ್ಚಲಿದೆ.

ನಿವೃತ್ತನಾದ ಮೇಲೆ ಅರಸೀಕೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಳೆಯ ಯುದ್ಧಕಾಲದ ಸಾಮಾನುಗಳನ್ನು ಕೂಡಿಡತೊಡಗಿದೆ. ಈ ಕಡೆ ಎಲ್ಲಿಯ ಯುದ್ಧ ಎಂದು ನೀವು ಕೇಳಬಹುದು, ನನ್ನ ಹೆಂಡತಿ ಸರೋಜ ಕೇಳಿದ್ದಳು. ಯುದ್ಧ ನಮ್ಮ ಕಡೆಗೆ ಬರಲಿಲ್ಲ, ಯುದ್ಧಕ್ಕೆ ಹೋದವರು ಬಂದರು. ಬರುವಾಗ ಹೆಗಲ ಮೇಲಿದ್ದದ್ದು ಅವರ ಜೊತೆ ಬಂತು. ಆಮೇಲೆ ಅದು ಅಟ್ಟ ಸೇರಿತು, ಕೊಟ್ಟಿಗೆ ಸೇರಿತು. ಮಾದಿಹಳ್ಳಿಯ ಒಂದು ಮನೆಯಲ್ಲಿ ಸಿಪಾಯಿಯೊಬ್ಬ ಬರ್ಮಾದ ಕಾಡಿನಲ್ಲಿ ಊಟ ಮಾಡಿದ ತಗಡಿನ ಡಬ್ಬಿಯಲ್ಲಿ ಎಮ್ಮೆಗೆ ಹಿಂಡಿ ಅಳೆಯುತ್ತಿದ್ದರು. ಬೇಲೂರಿನ ಗುಜರಿ ಅಂಗಡಿಯಲ್ಲಿ ಗುಂಡಿನ ಪೆಟ್ಟಿಗೆಯೊಂದು ಮೊಳೆ ತುಂಬಿಕೊಂಡು ಕೂತಿತ್ತು. ಇವನ್ನೆಲ್ಲ ಕೇಳಿ ತಂದು, ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆಯಾದರೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಕಬ್ಬಿಣವಾದರೆ ಕೊಬ್ಬರಿ ಎಣ್ಣೆ ಸವರಿ, ಒಂದೊಂದಕ್ಕೂ ಒಂದೊಂದು ಮಹಜರು ಬರೆದು ಕಪಾಟಿನಲ್ಲಿ ಇಡುತ್ತೇನೆ. ಮಹಜರೆಂದರೆ ಪಂಚರು ಬೇಕಲ್ಲ. ಮನೆಯಲ್ಲಿ ಇರುವುದು ಸರೋಜ ಒಬ್ಬಳು. ಅವಳು ಇದುವರೆಗೆ ಒಂದಕ್ಕೂ ಸಹಿ ಹಾಕಿರಲಿಲ್ಲ. "ನಾನು ಕಂಡಿಲ್ಲದ ಯುದ್ಧಕ್ಕೆ ನನ್ನ ಸಾಕ್ಷಿ ಯಾಕ್ರೀ?" ಎನ್ನುವುದು ಅವಳ ವಾದ.

ಈ ಹವ್ಯಾಸದಲ್ಲಿ ನಾನು ಎಡವಿಯೇ ಇಲ್ಲವೆಂದು ಹೇಳಲಾರೆ. ಒಮ್ಮೆ ಅದೇ ಬೇಲೂರಿನ ಅಂಗಡಿಯಲ್ಲಿ ಹಿತ್ತಾಳೆಯ ಸೀಟಿಯೊಂದು ಸಿಕ್ಕಿತು. ಸೇನಾಧಿಕಾರಿಯ ಸೀಟಿ, ದಾಳಿಗೆ ಮುನ್ನ ಊದುವಂಥದ್ದು ಎಂದು ನನಗೆ ಖಾತ್ರಿಯಾಯಿತು. ಬಸ್ ನಿಲ್ದಾಣದಲ್ಲಿ ನಿಂತು ಪರೀಕ್ಷೆಗೆಂದು ಒಂದು ಸಲ ಗಟ್ಟಿಯಾಗಿ ಊದಿದೆ. ಎದುರಿಗಿದ್ದ ಹಳೇಬೀಡಿನ ಬಸ್ಸು ಹೊರಟೇಹೋಯಿತು. ಕಂಡಕ್ಟರು ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಅದರ ಹಿಂದೆ ಓಡಿದ. ಸೀಟಿ ಯಾವ ಇಲಾಖೆಯದೆಂದು ನನಗೆ ಅಲ್ಲಿಯೇ ತಿಳಿಯಿತು. ಮಹಜರನ್ನು ತಿದ್ದಿದ್ದೇನೆ.

ಈಗ ಟೊಪ್ಪಿಯ ವಿಚಾರಕ್ಕೆ ಬರುತ್ತೇನೆ. ಗಂಡಸಿಯ ಹತ್ತಿರ ತೋಟದ ಮನೆಯೊಂದರಲ್ಲಿ ನಂಜಮ್ಮ ಎಂಬ ಎಂಬತ್ತು ದಾಟಿದ ಹಿರಿಯರಿದ್ದಾರೆ. ಹಿಂದೆ ಅವರ ತೆಂಗಿನ ತೋಟ ಅಳೆಯಲು ಹೋದಾಗ ನಡುಮನೆಯ ಗೂಟದಲ್ಲಿ ಅಗಲ ಅಂಚಿನ, ಬೋರಲು ಹಾಕಿದ ತಟ್ಟೆಯಂಥ ಕಬ್ಬಿಣದ ಟೊಪ್ಪಿ ತೂಗುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅದು ಅವರ ಮಾವನದು, ಬರ್ಮಾಕ್ಕೆ ಹೋಗಿ ಬಂದದ್ದು. ಹೋದ ವರ್ಷ ಹೋಗಿ, ಕೊಡುತ್ತೀರಾ ಎಂದು ಕೇಳಿದೆ.

"ಕೊಡಾಕಿಲ್ಲ ಕಣಪ್ಪ" ಎಂದರು ನಂಜಮ್ಮ. "ವರ್ಸಕ್ಕೊಂದ್ಸಲ ಆಯುಧಪೂಜೇಲಿ ಇಳ್ಸಿ, ನಿಂಬೆಹಣ್ಣಿಕ್ಕಿ ಕೈ ಮುಗಿತೀವಿ. ಆದ್ರೆ ತುಕ್ಕು ಅನ್ನೋದು ತಿಂತಾ ಐತೆ. ಅದೊಂದು ತಗ್ದು ಕೊಡೋಂಗಿದ್ರೆ ತಗಂಡೋಗಿ. ಹಬ್ಬದೊತ್ಗೆ ತಂದ್ಬುಡ್ಬೇಕು."

ಈ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡೆ. ಮನೆಗೆ ಬಂದು ಬರೆದೂ ಇಟ್ಟೆ. ನಿಂಬೆಹಣ್ಣನ್ನು ಎಲ್ಲಿ ಇಡುತ್ತೀರಿ ಎಂದು ಕೇಳಲಿಲ್ಲ. ಹೊಲದ ನಾಲ್ಕು ಮೂಲೆಯನ್ನೂ ಕೇಳುವ ಮನುಷ್ಯ ಇದೊಂದನ್ನು ಕೇಳಲಿಲ್ಲ.

ಮಹಜರಿನಲ್ಲಿ ಹೀಗೆ ಬರೆದೆ: ನೆತ್ತಿಯ ಮೇಲೆ, ಮುಂದಿನ ಅಂಚಿನಿಂದ ಎಂಟು ಬೆರಳು ಹಿಂದಕ್ಕೆ, ಮೂರು ಬೆರಳು ಅಗಲದ, ಒಂದು ಬೆರಳು ಆಳದ ಗುಳಿ ಒಂದು. ತಳದಲ್ಲಿ ಅಡ್ಡಗೆರೆ. ಗುಂಡಿನ ಪೆಟ್ಟಲ್ಲ. ಮನೆಯ ಮಕ್ಕಳ ಕಿತಾಪತಿ ಇರಬೇಕು. ಗುಳಿಯಲ್ಲಿ ಕೆಂಪು ತುಕ್ಕು ದಪ್ಪವಾಗಿ ಕಟ್ಟಿದೆ.

ಸರೋಜ ಬಗ್ಗಿ ಮೂಸಿ ನೋಡಿ, "ತುಕ್ಕು ಎಲ್ಲಾದ್ರೂ ಅರಿಶಿನದ ವಾಸನೆ ಬರುತ್ತೇನ್ರೀ?" ಎಂದಳು.

"ಹಳೇ ಕಾಲದ ಬಣ್ಣ ಕಣೆ, ನಿನಗೆ ಗೊತ್ತಾಗಲ್ಲ" ಎಂದೆ.

ಮೂರು ತಿಂಗಳು ದುಡಿದೆ. ತುಕ್ಕು ಒಂದೇ ವಾರಕ್ಕೆ ಹೋಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆದರೆ ಗುಳಿ ದಿನಾ ನನ್ನನ್ನು ನೋಡುತ್ತಿತ್ತು. ಹಲಸಿನ ಕೊರಡನ್ನು ಟೊಪ್ಪಿಯ ಹೊಟ್ಟೆಯ ಆಕಾರಕ್ಕೆ ಕೆತ್ತಿಸಿದೆ. ಕಬ್ಬಿಣವನ್ನು ಕಾಯಿಸಿದೆ, ಒಳಗಿನಿಂದ ಬಡಿದೆ, ಮತ್ತೆ ಕಾಯಿಸಿದೆ. ಮೂರು ದಿನ ಬಡಿದೆ. ಪಕ್ಕದ ಮನೆಯವರು ಮಹಡಿ ಕಟ್ಟಿಸುತ್ತಿದ್ದೀರಾ ಎಂದು ವಿಚಾರಿಸಿದರು. ಗುಳಿ ಹೋಯಿತು. ಎಲ್ಲಿತ್ತೆಂದು ನನಗೇ ಹುಡುಕಬೇಕಾಯಿತು. ಆಮೇಲೆ ಮಿಲಿಟರಿ ಹಸಿರು ಬಣ್ಣ. ಒಳಗೆ ಹೊಸ ಚರ್ಮ. ದರ್ಜಿಯಿಂದ ಗಲ್ಲಕ್ಕೆ ಹೊಸ ಪಟ್ಟಿ.

"ಅವರು ಕೇಳಿದ್ದು ತುಕ್ಕು ತೆಗೀರಿ ಅಂತ" ಎಂದಳು ಸರೋಜ. "ಹಳೇಬೀಡಿನ ದೇವಸ್ಥಾನದ ರಿಪೇರಿಗೆ ನಿಮ್ಮನ್ನ ಯಾರೂ ಕರೆದಿಲ್ಲ, ಪುಣ್ಯ. ಇಲ್ಲದಿದ್ರೆ ಇಷ್ಟೊತ್ತಿಗೆ ಅಲ್ಲಿನ ಆನೆಗಳಿಗೆಲ್ಲ ಸಿಮೆಂಟಿನ ಸೊಂಡಿಲಿರ್ತಿತ್ತು."

ನಾನು ಇನ್ನೊಂದು ಸಲ ಬಣ್ಣ ಬಳಿದೆ. ದೊಡ್ಡ ಕೆಲಸ ಮಾಡಿದವರು ಉತ್ತರ ಕೊಡಬಾರದು.

ಆಯುಧಪೂಜೆಯ ಬೆಳಗ್ಗೆ ಟೊಪ್ಪಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು, ಬಾಳೆಕಂದು ಕಟ್ಟಿದ ಬಸ್ಸಿನಲ್ಲಿ ಇಬ್ಬರೂ ಹೊರಟೆವು. ನಂಜಮ್ಮನವರ ಜಗಲಿಯ ಮೇಲೆ ಆಯುಧಗಳು ಸಾಲಾಗಿ ಕೂತಿದ್ದವು: ಕುಡುಗೋಲು, ಕೊಡಲಿ, ಗುದ್ದಲಿ, ಸ್ಪ್ರೇ ಯಂತ್ರ, ಮಗ ಬಸವರಾಜನ ಬೈಕಿನ ಹೆಲ್ಮೆಟ್ಟು. ಅದರ ಪಕ್ಕದಲ್ಲಿ ಒಂದು ಮಣೆ ಖಾಲಿ ಇತ್ತು. ತೊಳೆದದ್ದು ಮುಗಿದಿತ್ತು, ಕುಂಕುಮ ಇನ್ನೂ ಇಟ್ಟಿರಲಿಲ್ಲ. ನಮಗಾಗಿ ಕಾಯುತ್ತಿದ್ದರು.

ನಾನು ಟವೆಲ್ಲನ್ನು ನಿಧಾನವಾಗಿ ಬಿಚ್ಚಿದೆ. ಬಸವರಾಜ, "ಅಯ್ಯೋ ಶಿವನೇ, ಶೋರೂಮಿಂದ ತಂದಂಗೈತಲ್ಲ ಸಾರ್!" ಎಂದ. ನಾನು ಏನಿಲ್ಲ ಬಿಡಿ ಎನ್ನುವಂತೆ ಕೈಯಾಡಿಸಿದೆ. ನಂಜಮ್ಮ ಟೊಪ್ಪಿಯನ್ನು ಎರಡು ಕೈಯಲ್ಲೂ ತೆಗೆದುಕೊಂಡರು. ಅವರು ಅದನ್ನು ನೋಡಲಿಲ್ಲ. ಹೆಬ್ಬೆರಳು ನೇರವಾಗಿ ನೆತ್ತಿಗೆ ಹೋಯಿತು, ಹುಡುಕಿತು, ಮತ್ತೆ ಹುಡುಕಿತು.

"ಗುಳಿ ಎಲ್ಲೋಯ್ತು?"

"ತೆಗೆದುಬಿಟ್ಟೆ ಅಮ್ಮ. ಇತ್ತು ಅನ್ನೋ ಗುರುತೂ ಸಿಗಲ್ಲ, ನೋಡಿ" ಎಂದೆ. ಆಗಲೂ ನನಗೆ ಹೊಳೆದಿರಲಿಲ್ಲ ಎಂಬುದನ್ನು ಸಾಕ್ಷಿಯಾಗಿ ದಾಖಲಿಸುತ್ತೇನೆ.

ಅವರು ಟೊಪ್ಪಿಯನ್ನು ಮಣೆಯ ಮೇಲಿಟ್ಟು, ತಟ್ಟೆಯಿಂದ ನಿಂಬೆಹಣ್ಣು ತೆಗೆದು ನೆತ್ತಿಯ ಮೇಲೆ ಇಟ್ಟರು. ನಿಂಬೆಹಣ್ಣು ಒಂದು ಕ್ಷಣ ಯೋಚಿಸಿತು. ಆಮೇಲೆ ನನ್ನ ನುಣುಪಾದ ಬಣ್ಣದ ಮೇಲೆ ಸಲೀಸಾಗಿ ಜಾರಿ, ಜಗಲಿ ಇಳಿದು, ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಎತ್ತಿ ಕೊಟ್ಟೆ. ಮತ್ತೆ ಇಟ್ಟರು. ಮತ್ತೆ ನನ್ನ ಬಳಿಗೇ ಬಂತು. ಗಡಿಯಾರ ನೋಡಿಕೊಂಡೆ. ಹತ್ತೂಕಾಲು.

"ನಮ್ಮತ್ತೆ ಹೇಳ್ತಿದ್ರು" ಎಂದರು ನಂಜಮ್ಮ, ಮೂರನೆಯ ಸಲ ನಿಂಬೆಹಣ್ಣನ್ನು ಇಡದೆ ಕೈಯಲ್ಲೇ ಹಿಡಿದುಕೊಂಡು. "ಬರ್ಮಾದಿಂದ ಬಂದ್ ದಿನ ನಮ್ಮಾವ ಒಳಿಕ್ಕೇ ಬರ್ಲಿಲ್ವಂತೆ. ಸೀದಾ ಹಿತ್ಲಿಗೋಗಿ, ಟೊಪ್ಪಿ ಬಿಚ್ಚಿ, ಕಾಯಿ ಸುಲಿಯೋ ಹಾರೆ ಮ್ಯಾಲೆ ಕಾಯಿ ಕುಕ್ದಂಗೆ ಕುಕ್ಬುಟ್ರಂತೆ. ಒಂದೇ ಏಟು. 'ಇನ್ನು ಇದನ್ನ ಯಾರೂ ತಲೆಗಿಕ್ಕೋ ಹಂಗಿಲ್ಲ' ಅಂದು, ಆಮ್ಯಾಲೆ ಕಾಲ್ ತೊಳ್ಕಂಡು ಒಳಿಕ್ಕೆ ಬಂದ್ರಂತೆ. ನಾಕೊರ್ಸ ಯುದ್ದದಾಗೆ ಒಂದು ಗೀರು ಬಿದ್ದಿರ್ಲಿಲ್ಲ ಕಣಪ್ಪ ಅದ್ಕೆ. ಇದ್ದುದ್ದೇ ಅದೊಂದು."

ಗುಳಿಯಲ್ಲಿದ್ದ ಕೆಂಪು ತುಕ್ಕಲ್ಲ, ವರ್ಷವರ್ಷ ಇಟ್ಟ ಕುಂಕುಮ ಎಂದು ಈಗ ಹೊಳೆಯಿತು. ತಳದ ಅಡ್ಡಗೆರೆ ನೆನಪಾಯಿತು. ಹಾರೆಯ ಬಾಯಿಯ ಅಳತೆ ಅದು. ಅಳೆದಿದ್ದೆ, ಬರೆದಿದ್ದೆ, ಓದಿರಲಿಲ್ಲ. ಯಾರೂ ತಲೆಗೆ ಇಡಬಾರದೆಂದು ಆ ಮನುಷ್ಯ ಕುಕ್ಕಿದ ಟೊಪ್ಪಿಯನ್ನು ನಾನು ಯಾರು ಬೇಕಾದರೂ ಇಡಬಹುದಾದಂತೆ ಮಾಡಿ ತಂದಿದ್ದೆ. ಗಲ್ಲಕ್ಕೆ ಪಟ್ಟಿ ಬೇರೆ ಹೊಲಿಸಿದ್ದೆ. ಮೂವತ್ತೆರಡು ವರ್ಷದಲ್ಲಿ ಯಾರ ಗಡಿಕಲ್ಲನ್ನೂ ನಾನು ಕಿತ್ತವನಲ್ಲ.

ಬಸವರಾಜ ಒಳ್ಳೆಯವನು. ನನ್ನ ಮುಖ ನೋಡಿ, "ಒಂದ್ ಉಂಡೆ ಸಗಣಿ ಇಕ್ಕಿ ನಿಲ್ಸಣ ಬುಡವ್ವ. ಯಾರ್ ನೋಡ್ತಾರೆ?" ಎಂದ.

"ನಿಮ್ ತಾತ ನೋಡ್ತಾರೆ" ಎಂದರು ನಂಜಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ಹಾರೆ ಇನ್ನೂ ಅಲ್ಲೇ ಐತೆ. ಕುಂಕುಮ ಇಕ್ಕುದ್ಮ್ಯಾಲೆ ಇವತ್ತು ಅದ್ನ ಮುಟ್ಟಂಗಿಲ್ಲ. ಈಗ್ಲೇ ಬನ್ನಿ."

"ಯಾರು, ನಾನಾ?"

"ತಗ್ದೋರು ನೀವಲ್ವಾ?"

ಹಿತ್ತಿಲಿನಲ್ಲಿ, ಸಿಪ್ಪೆಯ ರಾಶಿಯ ಪಕ್ಕ, ನೆಲದಲ್ಲಿ ಹೂತ ಹಾರೆ ಸೊಂಟದೆತ್ತರಕ್ಕೆ ನಿಂತಿತ್ತು. ಬಾಯಿ ಸವೆದು ಮೊಂಡಾಗಿತ್ತು. ತೆಂಗಿನಕಾಯಿ ಸುಲಿಯುವವರನ್ನು ನೀವು ನೋಡಿರಬಹುದು. ಅವರು ಯೋಚಿಸುವುದಿಲ್ಲ. ಮೈಭಾರವನ್ನೆಲ್ಲ ಕೈಗೆ ಬಿಟ್ಟು ಒಂದೇ ಸಲಕ್ಕೆ ಕುಕ್ಕುತ್ತಾರೆ. ನಾನು ಯೋಚಿಸಿದೆ. ಮುಂದಿನ ಅಂಚಿನಿಂದ ಎಂಟು ಬೆರಳು ಎಣಿಸಿ ಉಗುರಿನಿಂದ ಗುರುತು ಮಾಡಿಕೊಂಡೆ. ಕುಕ್ಕಿದೆ. ಬಣ್ಣ ಕೂಡ ಏಳಲಿಲ್ಲ. ಎರಡನೆಯ ಸಲ ಟೊಪ್ಪಿ ಜಾರಿ ನಾನೇ ಸಿಪ್ಪೆಯ ರಾಶಿಗೆ ಬೀಳುವುದರಲ್ಲಿದ್ದೆ.

"ಮೂರು ದಿನ ಬಡಿಯೋವಾಗ ಕೈಯಲ್ಲಿ ಎಷ್ಟು ಜೋರಿತ್ತು!" ಎಂದಳು ಸರೋಜ.

"ಬುಡಮ್ಮ, ಅವ್ರಿಗೆ ರಿಪೇರಿ ಮಾಡಿ ಅಭ್ಯಾಸ" ಎಂದರು ನಂಜಮ್ಮ. ಆಮೇಲೆ ನನ್ನ ಹತ್ತಿರ ಬಂದು, ಮೆತ್ತಗೆ, "ಅಳೀಬ್ಯಾಡಿ ಸರ್ವೇರಪ್ಪ. ಸುಮ್ಕೆ ಕುಕ್ಕಿ" ಎಂದರು.

ಮೂರನೆಯ ಸಲ ನಾನು ಕಣ್ಣು ಮುಚ್ಚಿಕೊಂಡು ಕುಕ್ಕಿದೆ. ಏನು ಯೋಚಿಸಿದೆನೆಂದು ಹೇಳಲಾರೆ, ಏನೂ ಯೋಚಿಸಲಿಲ್ಲವೆಂದೇ ಕಾಣುತ್ತದೆ. ದಡ್ ಎಂದು ಶಬ್ದವಾಯಿತು. ಮೊಣಕೈವರೆಗೆ ಜುಮ್ಮೆಂದಿತು. ಪೇರಲ ಗಿಡದಿಂದ ಎರಡು ಮೈನಾ ಹಕ್ಕಿ ಎದ್ದುಹೋದವು. ಕಣ್ಣು ಬಿಟ್ಟರೆ ಹಸಿರು ಬಣ್ಣ ಚಕ್ಕೆಯೆದ್ದು, ನೆತ್ತಿಯ ಮೇಲೆ ಒಂದು ಗುಳಿ, ತಳದಲ್ಲಿ ಅಡ್ಡಗೆರೆ.

ನಂಜಮ್ಮ ಹೆಬ್ಬೆರಳಿಟ್ಟು ನೋಡಿದರು. "ಒಂದ್ ಬೆರಳು ಬಲಕ್ಕೋಗೈತೆ" ಎಂದರು.

ನನ್ನ ಅಳತೆಯ ಬಗ್ಗೆ ಇಷ್ಟು ವರ್ಷದಲ್ಲಿ ಬಂದ ಮೊದಲ ತಕರಾರು ಅದು. ಮೇಲ್ಮನವಿಗೆ ಅವಕಾಶವಿರಲಿಲ್ಲ, ಅವರ ಹೆಬ್ಬೆರಳಿಗೆ ಅರವತ್ತು ವರ್ಷದ ಅನುಭವವಿತ್ತು. ಜಗಲಿಗೆ ಬಂದು ನಿಂಬೆಹಣ್ಣನ್ನು ಇಟ್ಟರು. ಬಲಕ್ಕೆ ಕೊಂಚ ವಾಲಿತು. ನಾವು ನಾಲ್ವರೂ ಉಸಿರು ಬಿಗಿಹಿಡಿದು ನೋಡಿದೆವು. ನಿಂತಿತು.

ನಂಜಮ್ಮ ಕುಂಕುಮ ಇಟ್ಟು ಕೈ ಮುಗಿದರು. ನನಗೆ ಎಲೆಯಲ್ಲಿ ಕಡುಬು ಬಡಿಸುವಾಗ ಒಂದೇ ಮಾತು ಹೇಳಿದರು: "ನಮ್ಮಾವ ನಾಕೊರ್ಸ ಹೊತ್ಮ್ಯಾಲೆ ಕುಕ್ಕುದ್ರು. ನಿಮ್ಗೆ ಮೂರೇ ತಿಂಗ್ಳಿಗೆ ಬುದ್ಧಿ ಬಂತಲ್ಲ, ಬುಡಿ." ಇದನ್ನು ನಾನು ಹೊಗಳಿಕೆಯೆಂದು ತೆಗೆದುಕೊಂಡಿದ್ದೇನೆ. ಸರೋಜ ಒಪ್ಪುವುದಿಲ್ಲ.

ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಬಹಳ ಹೊತ್ತು ಕೂತೆ. ನಾನು ಸರಿಮಾಡಿದ ಸಾಮಾನುಗಳೆಲ್ಲ ಕಪಾಟಿನಲ್ಲಿ ಥಳಥಳ ಹೊಳೆಯುತ್ತಿದ್ದವು. ಅಲ್ಲಿದ್ದ ಸಿಪಾಯಿಯೊಬ್ಬನ ನೀರಿನ ಕುಪ್ಪಿಯ ಪಕ್ಕೆಯಲ್ಲಿ ಯಾರೋ ಗೀಚಿದ ಗೆರೆಗಳಿದ್ದದ್ದು ನೆನಪಾಯಿತು, ಏಳೋ ಎಂಟೋ. ಉಜ್ಜಿ ತೆಗೆದಿದ್ದೆ. ಯಾರು ಯಾವ ದಿನಗಳನ್ನು ಎಣಿಸಿಕೊಂಡಿದ್ದರೋ. ಅದಕ್ಕೆ ಹಾರೆಯೂ ಇಲ್ಲ, ನಂಜಮ್ಮನೂ ಇಲ್ಲ. ಈಗ ಹೊಸದಾಗಿ ಏನಾದರೂ ಸಿಕ್ಕಿದರೆ ಮೊದಲು ಮನೆಯವರ ಹತ್ತಿರ ಕೂತು ಕೇಳುತ್ತೇನೆ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳುತ್ತೇನೆ.

ಟೊಪ್ಪಿಯ ಮಹಜರನ್ನೂ ತಿದ್ದಿದೆ. 'ಮಕ್ಕಳ ಕಿತಾಪತಿ' ಎಂಬುದನ್ನು ಹೊಡೆದುಹಾಕಿ ಬರೆದೆ: ಗುಳಿ ಒಂದು. ಮಾಡಿದವರು ಇಬ್ಬರು. ಮೊದಲನೆಯವರು ತಿಳಿದು ಮಾಡಿದರು. ಎರಡನೆಯವನ ಗುಳಿ ಒಂದು ಬೆರಳು ಬಲಕ್ಕಿದೆ.

ಪೆನ್ನು ಕೆಳಗಿಡುವಷ್ಟರಲ್ಲಿ ಸರೋಜ ಹಿಂದಿನಿಂದ ಬಂದು, ಕನ್ನಡಕ ಏರಿಸಿಕೊಂಡು, ಒಂದು ಸಲ ಓದಿ, ಪಂಚರು ಎಂದಿದ್ದ ಜಾಗದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ನಾನಿನ್ನೂ ಕೇಳಿರಲೇ ಇಲ್ಲ.